ಠಾಣೆಯಲ್ಲಿ ಬಾಯಿ ಬಿಡದಿದ್ದರೆ ತಪ್ಪು ಒಪ್ಪಿಕೊಂಡಂತೆ ಆಗುತ್ತದಾ?

ಪ್ರಶ್ನೆ: ನಾವು ಕಾಪು ಕಡೆಯವರು. ಮಗನಿಗೆ 20 ವರ್ಷ. ಮಂಗಳೂರಿನಲ್ಲಿ ಪಿಜಿಯಲ್ಲಿದ್ದು ಡಿಗ್ರಿ ಓದುತ್ತಿದ್ದಾನೆ. ಪಿಜಿಯ ಗೆಳೆಯನೊಬ್ಬ "ಗೇಮಿಂಗ್ ದುಡ್ಡು ಬರಲಿಕ್ಕುಂಟು, ಸ್ವಲ್ಪ ದಿನಕ್ಕೆ ನಿನ್ನ ಅಕೌಂಟ್ ಕೊಡು" ಎಂದನಂತೆ. ಇವನು ಎಟಿಎಂ ಕಾರ್ಡ್, ಸಿಮ್ ಎರಡನ್ನೂ ಕೊಟ್ಟು ಐದು ಸಾವಿರ ರೂಪಾಯಿ ತೆಗೆದುಕೊಂಡಿದ್ದಾನೆ. ಈಗ ಅಕೌಂಟ್ ಫ್ರೀಜ್ ಆಗಿದೆ. ಮೊನ್ನೆ ಮಂಗಳೂರಿನ ಠಾಣೆಯೊಂದರಿಂದ ಫೋನ್ ಬಂತು. ಸೋಮವಾರ ಮೊಬೈಲ್, ಪಾಸ್‌ಬುಕ್, ಆಧಾರ್ ಹಿಡಿದುಕೊಂಡು ಬರಬೇಕಂತೆ. ಜಾಯಿಂಟ್ ಅಕೌಂಟ್ ಆದ್ದರಿಂದ ಅವನ ಅಮ್ಮನೂ ಬರಬೇಕಂತೆ. ನನ್ನ ಭಾವ "ಒಂದಕ್ಷರ ಮಾತಾಡಬೇಡ, ಸುಮ್ಮನಿರುವ ಹಕ್ಕು ಉಂಟು" ಎನ್ನುತ್ತಾರೆ. ಪಕ್ಕದ ಮನೆಯವರು "ತಪ್ಪು ಮಾಡದವನಿಗೆ ಯಾಕೆ ಹೆದರಿಕೆ, ಇದ್ದದ್ದು ಇದ್ದ ಹಾಗೆ ಹೇಳಲಿ" ಎನ್ನುತ್ತಾರೆ. ಮಗ ಮಾತ್ರ "ಕಾರ್ಡ್ ಕಳೆದುಹೋಗಿತ್ತು ಅಂತ ಹೇಳಿಬಿಡ್ತೇನೆ" ಎಂದು ಕೂತಿದ್ದಾನೆ. ಸುಮ್ಮನಿದ್ದರೆ ಅವನೇ ಕಳ್ಳ ಅಂತ ತಿಳಿಯುವುದಿಲ್ಲವಾ? ವಕೀಲರನ್ನು ಒಳಗೆ ಬಿಡುತ್ತಾರಾ? ಫೋನ್ ಕೊಡಬೇಕಾ?

ಉತ್ತರ: ಮೊದಲು ಮಗನನ್ನು ಕೂರಿಸಿಕೊಂಡು ಒಂದು ಮಾತು ಹೇಳಿ. "ಕಾರ್ಡ್ ಕಳೆದುಹೋಗಿತ್ತು" ಎಂಬುದು ಅವನ ಬಾಯಿಂದ ಬರಲೇಬಾರದು. ನಿಮ್ಮ ಪತ್ರದಲ್ಲಿ ನನಗೆ ಹೆದರಿಕೆ ಆದದ್ದು ಅದನ್ನು ಓದಿಯೇ, ಪೊಲೀಸರ ಫೋನ್ ಬಂದದ್ದಕ್ಕಲ್ಲ. ಉತ್ತರ ಕೊಡದೆ ಇರುವವನಿಗೆ ಕಾನೂನಿನ ಆಸರೆ ಇದೆ. ಸುಳ್ಳು ಹೇಳುವವನಿಗೆ ಇಲ್ಲ. ಸರ್ಕಾರಿ ಅಧಿಕಾರಿಗೆ ಸುಳ್ಳು ಮಾಹಿತಿ ಕೊಡುವುದು ಬೇರೆಯೇ ಒಂದು ಅಪರಾಧ. ಅದಿರಲಿ, ಈ ಸುಳ್ಳು ಹತ್ತು ನಿಮಿಷ ಕೂಡ ನಿಲ್ಲುವುದಿಲ್ಲ. ಕಾರ್ಡ್ ಕಳೆದುಹೋಗಿದ್ದರೆ ಬ್ಲಾಕ್ ಯಾಕೆ ಮಾಡಿಸಲಿಲ್ಲ? ಸಿಮ್ ಕೂಡ ಅದೇ ದಿನ ಕಳೆದುಹೋಯಿತಾ? ಪಿನ್ ನಂಬರ್ ಕಳ್ಳನಿಗೆ ಹೇಗೆ ಗೊತ್ತಾಯಿತು? ಈ ಮೂರು ಪ್ರಶ್ನೆಗೆ ಅವನ ಹತ್ತಿರ ಉತ್ತರ ಇಲ್ಲ. ಆಮೇಲೆ "ದುಡ್ಡು ಎಲ್ಲಿಂದ ಬಂತು ಅಂತ ನನಗೆ ಗೊತ್ತಿರಲಿಲ್ಲ" ಎಂಬ ನಿಜ ಹೇಳಿದರೂ ಯಾರೂ ನಂಬುವುದಿಲ್ಲ. ಅವನನ್ನು ಕಾಪಾಡಬಲ್ಲ ಮಾತು ಇದ್ದರೆ ಅದು ಇದೊಂದೇ.

ಇನ್ನು ನಿಮ್ಮ ಭಾವ ಹೇಳಿದ್ದು. ಅದರಲ್ಲಿ ಅರ್ಧ ನಿಜ ಇದೆ. ಅಪರಾಧದ ಆರೋಪ ಇರುವ ಯಾರನ್ನೂ ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಬಲವಂತ ಮಾಡಬಾರದು ಎಂದು ಸಂವಿಧಾನದ 20(3)ನೇ ವಿಧಿ ಹೇಳುತ್ತದೆ. ಇದು ಕೋರ್ಟಿನ ಕಟಕಟೆಗೆ ಮಾತ್ರ ಅಲ್ಲ, ಠಾಣೆಯ ವಿಚಾರಣೆಗೂ ಅನ್ವಯಿಸುತ್ತದೆ. 2024ರ ಜುಲೈ 1ರಿಂದ, ತನಿಖೆ ಮತ್ತು ಬಂಧನದ ಕ್ರಮ ಹೇಳುವ ಹಳೆಯ ಕಾನೂನಾದ ಸಿಆರ್‌ಪಿಸಿ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಅದರ ಕಲಂ 180(2) ಇನ್ನೂ ಸ್ಪಷ್ಟವಾಗಿದೆ. ಪೊಲೀಸರು ಕೇಳಿದ ಪ್ರಶ್ನೆಗೆ ನಿಜವಾದ ಉತ್ತರವನ್ನೇ ಕೊಡಬೇಕು. ಆದರೆ ಯಾವ ಪ್ರಶ್ನೆಗೆ ಉತ್ತರಿಸಿದರೆ ತನ್ನ ಮೇಲೇ ಕ್ರಿಮಿನಲ್ ಆರೋಪ ಬರಬಹುದೋ ಆ ಪ್ರಶ್ನೆಗೆ ಉತ್ತರಿಸಬೇಕಾಗಿಲ್ಲ.

ಈ ಮಾತನ್ನು ಇನ್ನೊಮ್ಮೆ ಓದಿ. ಕಾನೂನು ರಕ್ಷಣೆ ಕೊಟ್ಟಿರುವುದು ಪ್ರಶ್ನೆಯಿಂದ ಪ್ರಶ್ನೆಗೆ. ಬಾಯಿಗೆ ಬೀಗ ಹಾಕಿಕೊಂಡು ಕೂರಲಿಕ್ಕೆ ಕೊಟ್ಟದ್ದಲ್ಲ. ಹೆಸರು, ವಿಳಾಸ, ಯಾವ ಕಾಲೇಜು, ಅಕೌಂಟ್ ಯಾವ ಬ್ರಾಂಚಿನಲ್ಲಿ ಇದೆ ಎಂಬ ಪ್ರಶ್ನೆಗಳಿಗೂ ಸುಮ್ಮನಿದ್ದರೆ ಅದು ಹಕ್ಕಿನ ಒಳಗೆ ಬರುವುದಿಲ್ಲ, ಹಟ ಆಗುತ್ತದೆ. ಕೇಳುವ ಅಧಿಕಾರ ಇದ್ದವರಿಗೆ ಉತ್ತರ ನಿರಾಕರಿಸುವುದಕ್ಕೂ ಅಪರಾಧ, ಶಿಕ್ಷೆಗಳನ್ನು ಹೇಳುವ ಭಾರತೀಯ ನ್ಯಾಯ ಸಂಹಿತೆಯ ಕಲಂ 214ರಲ್ಲಿ ಶಿಕ್ಷೆ ಇದೆ.

ಈ ಗೆರೆ ಎಲ್ಲಿದೆ ಎಂದು ಸುಪ್ರೀಂ ಕೋರ್ಟ್ 1978ರಲ್ಲೇ ತೋರಿಸಿಕೊಟ್ಟಿದೆ. ಒಡಿಶಾದ ಮಾಜಿ ಮುಖ್ಯಮಂತ್ರಿ ನಂದಿನಿ ಸತ್ಪತಿ ಅವರನ್ನು ಕಟಕ್‌ನ ವಿಜಿಲೆನ್ಸ್ ಠಾಣೆಗೆ ಕರೆಸಿ, ಉದ್ದದ ಲಿಖಿತ ಪ್ರಶ್ನಾವಳಿ ಕೊಟ್ಟಿದ್ದರು. ಅವರು 20(3) ಹೇಳಿ ಉತ್ತರ ಕೊಡಲಿಲ್ಲ. ಉತ್ತರ ಕೊಡಲಿಲ್ಲ ಎಂದೇ ಅವರ ಮೇಲೆ ಕೇಸಾಯಿತು. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಬರೆದ ತೀರ್ಪಿನಲ್ಲಿ ಸುಮ್ಮನಿರುವ ಹಕ್ಕು ಠಾಣೆಯಲ್ಲೂ ಇದೆ ಎಂದಾಯಿತು. ಹಾಗೆಯೇ, ತನ್ನನ್ನು ಸಿಕ್ಕಿಸದ ಪ್ರಶ್ನೆಗಳಿಗೆ ಉತ್ತರ ಕೊಡಬೇಕು ಎಂದೂ ಆಯಿತು. ಸತ್ಪತಿಯವರು ಹಾಗೆ ಉತ್ತರಿಸಲು ಒಪ್ಪಿಕೊಂಡ ಮೇಲೆ ಆ ಕೇಸು ಮುಗಿಯಿತು. ನಿಮ್ಮ ಭಾವನ ಮಾತಿನಲ್ಲಿ ತಪ್ಪಿಹೋದ ಅರ್ಧ ಇದು.

ಪಕ್ಕದ ಮನೆಯವರ ಮಾತು? ಒಳ್ಳೆಯ ಮನಸ್ಸಿನಿಂದ ಹೇಳಿದ್ದಾರೆ, ಸಂಶಯ ಇಲ್ಲ. ಆದರೆ ಠಾಣೆಯಲ್ಲಿ ಹೆದರಿದ ಹುಡುಗ ನಿಜ ಹೇಳಲು ಹೊರಟರೂ ತಾರೀಕು ತಪ್ಪುತ್ತಾನೆ, ಕೇಳಿದ್ದಕ್ಕಿಂತ ಜಾಸ್ತಿ ಹೇಳುತ್ತಾನೆ, "ಹೌದಲ್ವಾ?" ಎಂದರೆ "ಹೌದು ಸರ್" ಎನ್ನುತ್ತಾನೆ. "ಈ ದುಡ್ಡು ಸರಿ ಇಲ್ಲ ಅಂತ ನಿನಗೆ ಗೊತ್ತಿತ್ತು ತಾನೆ?" ಎಂಬ ಒಂದೇ ಪ್ರಶ್ನೆಯ ಮೇಲೆ ಇಂಥ ಇಡೀ ಕೇಸು ನಿಂತಿರುತ್ತದೆ. ಅಕೌಂಟ್ ಕೊಟ್ಟದ್ದು ಬ್ಯಾಂಕ್ ದಾಖಲೆಯಲ್ಲೇ ಇದೆ, ಅದನ್ನು ಮುಚ್ಚಲಾಗದು. ಗೊತ್ತಿದ್ದೂ ಕೊಟ್ಟನಾ, ಗೊತ್ತಿಲ್ಲದೆ ಕೊಟ್ಟನಾ ಎಂಬುದರ ಮೇಲೆ ಅವನು ಆರೋಪಿಯಾಗುತ್ತಾನೋ ಸಾಕ್ಷಿಯಾಗುತ್ತಾನೋ ತೀರ್ಮಾನವಾಗುತ್ತದೆ.

ಇಂಗ್ಲಿಷ್ ಸಿನಿಮಾಗಳಲ್ಲಿ ಪೊಲೀಸರು ಕೈಕೋಳ ಹಾಕುತ್ತಲೇ "ಸುಮ್ಮನಿರುವ ಹಕ್ಕು ನಿನಗಿದೆ" ಎಂದು ಹೇಳುವುದನ್ನು ಮಕ್ಕಳು ನೋಡಿರುತ್ತಾರೆ. ಅದು ಅಮೆರಿಕದ ಕ್ರಮ. ಇಲ್ಲಿ ಯಾರಾದರೂ ಹಾಗೆ ಹೇಳುತ್ತಾರೆ ಎಂದು ಕಾಯಬೇಡಿ. ನಮ್ಮಲ್ಲಿ ಆ ಎಚ್ಚರಿಕೆ ಕೊಡಲೇಬೇಕಾದವರು ಮ್ಯಾಜಿಸ್ಟ್ರೇಟರು. ಯಾರಾದರೂ ತಪ್ಪೊಪ್ಪಿಗೆ ಕೊಡಲು ಮುಂದೆ ಬಂದಾಗ, "ನೀನು ಹೇಳಲೇಬೇಕೆಂದಿಲ್ಲ, ಹೇಳಿದರೆ ನಿನ್ನ ವಿರುದ್ಧ ಬಳಸಬಹುದು" ಎಂದು ಅವರು ತಿಳಿಸಬೇಕು. ಠಾಣೆಯಲ್ಲಿ ಹಕ್ಕು ಇದೆ ಎಂದು ನೆನಪಿಡಬೇಕಾದದ್ದು ನೀವೇ.

ಈಗ ಫೋನ್ ಕರೆಯ ವಿಷಯ. ಮಗನ ಮೇಲೆ ಸಂಶಯ ಇದ್ದರೆ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 35(3)ರ ಪ್ರಕಾರ ಲಿಖಿತ ನೋಟಿಸ್ ಕೊಡಬೇಕು. ಈ ನೋಟಿಸನ್ನು ವಾಟ್ಸಾಪ್‌ನಲ್ಲಿ ಕಳುಹಿಸಿದರೆ ಸಾಲದು ಎಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಹೇಳಿದೆ. ಆದ್ದರಿಂದ ಫೋನ್ ಮಾಡಿದ ಸಿಬ್ಬಂದಿಗೆ ಮರ್ಯಾದೆಯಿಂದಲೇ ಹೇಳಿ: "ಬರ್ತೇವೆ ಸರ್, ಕ್ರೈಂ ನಂಬರ್ ಹಾಕಿದ ನೋಟಿಸ್ ಕೊಡಿ." ಕ್ರೈಂ ನಂಬರ್ ಸಿಕ್ಕಿದರೆ ಎಫ್‌ಐಆರ್ ಹುಡುಕಿ ಓದಬಹುದು. ಯಾವ ಕಲಂ ಹಾಕಿದ್ದಾರೆ, ಇವನ ಹೆಸರು ಅದರಲ್ಲಿ ಇದೆಯಾ ಎಂದು ತಿಳಿಯದೆ ಯಾವ ಪ್ರಶ್ನೆ ಅಪಾಯದ್ದು ಎಂದು ಹೇಗೆ ಗೊತ್ತಾಗಬೇಕು? ವಂಚನೆಯ ಕಲಂ, ಐಟಿ ಕಾಯ್ದೆಯ ಕಲಂ ಮಾತ್ರ ಇದ್ದರೆ ಒಂದು ಲೆಕ್ಕ. ಅವುಗಳಲ್ಲಿ ಶಿಕ್ಷೆ ಏಳು ವರ್ಷದ ಒಳಗೆ ನಿಲ್ಲುವುದರಿಂದ ಬಂಧನವೇ ಮೊದಲ ಹೆಜ್ಜೆ ಆಗಬಾರದು ಎಂದು ಸುಪ್ರೀಂ ಕೋರ್ಟಿನ 2014ರ ಅರ್ನೇಶ್ ಕುಮಾರ್ ತೀರ್ಪು ಹೇಳುತ್ತದೆ. ನ್ಯಾಯ ಸಂಹಿತೆಯ ಸಂಘಟಿತ ಅಪರಾಧದ ಕಲಂ 111 ಸೇರಿಸಿದ್ದರೆ ಲೆಕ್ಕವೇ ಬೇರೆ. ಅದರಲ್ಲಿ ಶಿಕ್ಷೆ ಜೀವಾವಧಿವರೆಗೂ ಹೋಗುತ್ತದೆ. ಆಗ ಸೋಮವಾರಕ್ಕೆ ಕಾಯದೆ ಬಂಧನಕ್ಕೆ ಮೊದಲೇ ಪಡೆಯುವ ನಿರೀಕ್ಷಣಾ ಜಾಮೀನಿನ ಬಗ್ಗೆ ಯೋಚಿಸಬೇಕು.

ನೋಟಿಸ್ ಬಂದ ಮೇಲಂತೂ ಹೋಗಲೇಬೇಕು. ಹೋದವನನ್ನು, ಕಾರಣ ಬರೆದಿಡದೆ, ಬಂಧಿಸುವಂತಿಲ್ಲ. ಹೋಗದವನನ್ನು ಬಂಧಿಸಬಹುದು. ಸುಮ್ಮನಿರುವ ಹಕ್ಕು ಎಂದರೆ ತಲೆಮರೆಸಿಕೊಳ್ಳುವ ಹಕ್ಕು ಅಲ್ಲ.

ಅಮ್ಮನ ವಿಷಯದಲ್ಲಿ ನಿಮಗೆ ನೆಮ್ಮದಿಯ ಉತ್ತರ ಕೊಡಬಲ್ಲೆ. ಅವರನ್ನು ಸಾಕ್ಷಿಯಾಗಿ ಕರೆದಿದ್ದರೆ ಸುರಕ್ಷಾ ಸಂಹಿತೆಯ ಕಲಂ 179 ಅನ್ವಯಿಸುತ್ತದೆ. ಹೆಂಗಸರನ್ನು, 60 ದಾಟಿದವರನ್ನು, 15ರ ಒಳಗಿನ ಹುಡುಗರನ್ನು, ಅಂಗವಿಕಲರನ್ನು, ತೀವ್ರ ಕಾಯಿಲೆ ಇರುವವರನ್ನು ಅವರು ವಾಸ ಮಾಡುವ ಜಾಗದಲ್ಲೇ ವಿಚಾರಿಸಬೇಕು, ಬೇರೆ ಕಡೆಗೆ ಬನ್ನಿ ಎಂದು ಒತ್ತಾಯಿಸುವಂತಿಲ್ಲ. ಮಂಗಳೂರಿನಿಂದ ಕಾಪುವಿಗೆ ಬಂದು, ನಿಮ್ಮ ಜಗಲಿಯಲ್ಲಿ ಕೂತು ಕೇಳಲಿ. ನಂದಿನಿ ಸತ್ಪತಿ ತೀರ್ಪಿನಲ್ಲಿ ಕೋರ್ಟ್ ಇದನ್ನೂ ಗಟ್ಟಿಯಾಗಿ ಹೇಳಿತ್ತು, ಹೆಂಗಸನ್ನು ಠಾಣೆಗೆ ಕರೆಸಿದ್ದೇ ತಪ್ಪು ಎಂದು. ಅಮ್ಮನ ಹೆಸರಿಗೂ 35(3) ನೋಟಿಸ್ ಬಂದರೆ ಮಾತ್ರ ಅದು ಸಾಕ್ಷಿಗೆ ಕೊಡುವ ಕರೆಯಲ್ಲ. ಆಗ ವಕೀಲರ ಜತೆ ಕೂತು ಬೇರೆಯಾಗಿ ನೋಡಬೇಕು.

ಸೋಮವಾರ ಒಳಗೆ ಏನಾಗುತ್ತದೆ? ಸಾಮಾನ್ಯವಾಗಿ ತನಿಖಾಧಿಕಾರಿ ಕೇಳುತ್ತಾ ಹೋಗುತ್ತಾರೆ, ರೈಟರ್ ಕಂಪ್ಯೂಟರಿನಲ್ಲಿ ಬರೆಯುತ್ತಾ ಹೋಗುತ್ತಾರೆ. ಪ್ರಶ್ನೆಯೊಂದು ಇದ್ದರೆ ಕಾಗದದಲ್ಲಿ ಬರುವುದು ಪ್ಯಾರಾಗ್ರಾಫ್. "ಕಾರ್ಡ್ ಕೊಟ್ಟೆ" ಎಂಬುದು "ಹಣದ ಆಸೆಗೆ, ಗೊತ್ತಿದ್ದೂ ಕೊಟ್ಟಿರುತ್ತೇನೆ" ಎಂದು ಆಗಿರಬಹುದು. ತನಿಖೆಯ ವೇಳೆ ಪೊಲೀಸರಿಗೆ ಕೊಟ್ಟ ಹೇಳಿಕೆಗೆ ಸಹಿ ಹಾಕಿಸಿಕೊಳ್ಳುವಂತಿಲ್ಲ ಎಂದು ಕಲಂ 181 ಹೇಳುತ್ತದೆ. ಹೆಚ್ಚಿನವರಿಗೆ ಇದು ಗೊತ್ತೇ ಇಲ್ಲ. ನೋಟಿಸ್ ತಲುಪಿದ್ದಕ್ಕೆ, ಫೋನ್ ವಶಕ್ಕೆ ಪಡೆದ ಮಹಜರಿಗೆ ಸಹಿ ಬೇಕಾಗಬಹುದು. ಅದನ್ನು ಓದಿ, ತಾರೀಕು ಹಾಕಿ ಸಹಿ ಮಾಡಲಿ. ಖಾಲಿ ಹಾಳೆಗೆ ಯಾವ ಕಾರಣಕ್ಕೂ ಬೇಡ.

"ಸ್ವಇಚ್ಛಾ ಹೇಳಿಕೆ" ಎಂಬುದನ್ನು ನೀವು ಕೇಳಿರಬಹುದು. ಬಂಧನ ಆದ ಮೇಲೆ ಆರೋಪಿಯ ಹೆಸರಿನಲ್ಲಿ ಬರೆಯುವ ಕಾಗದ ಅದು. ಅದರಲ್ಲಿ ಎಲ್ಲಾ ಒಪ್ಪಿಕೊಂಡಿದ್ದಾನೆ, ಇನ್ನು ಮುಗಿಯಿತು ಎಂದು ಮನೆಯವರು ಅತ್ತು ಬರುತ್ತಾರೆ. ಮುಗಿದಿರುವುದಿಲ್ಲ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷಿಯಾಗಿ ತರುವಂತಿಲ್ಲ ಎಂದು ಹೊಸ ಸಾಕ್ಷ್ಯ ಕಾಯ್ದೆಯ ಕಲಂ 23 ಹೇಳುತ್ತದೆ. ಆದರೆ ಅದಕ್ಕೊಂದು ಕಿಂಡಿ ಇದೆ. ಆ ಹೇಳಿಕೆಯಲ್ಲಿ "ನನ್ನ ಜತೆ ಬಂದರೆ ಸಿಮ್ ಕಾರ್ಡ್ ಇಟ್ಟ ಜಾಗ ತೋರಿಸಿಕೊಡುತ್ತೇನೆ" ಎಂಬ ಸಾಲು ಇದ್ದು, ಅದರ ಮೇಲೆ ಹೋಗಿ ಸಿಮ್ ಸಿಕ್ಕಿದರೆ, ಆ ಸಾಲಿನಷ್ಟು ಭಾಗ ಸಾಕ್ಷಿಯಾಗುತ್ತದೆ. ಎಷ್ಟೋ ಕೇಸುಗಳು ನಿಂತಿರುವುದೇ ಆ ಒಂದು ಸಾಲಿನ ಮೇಲೆ. ಹಾಗಾಗಿ "ಪೊಲೀಸರ ಹತ್ತಿರ ಹೇಳಿದ್ದು ಕೋರ್ಟಿನಲ್ಲಿ ನಿಲ್ಲುವುದಿಲ್ಲ, ಏನು ಬೇಕಾದರೂ ಹೇಳು" ಎನ್ನುವವರ ಮಾತನ್ನು ನಂಬಬೇಡಿ.

ಉತ್ತರ ಕೊಡಬಾರದ ಪ್ರಶ್ನೆ ಬಂದಾಗ ತಲೆ ತಗ್ಗಿಸಿ ಕೂರುವುದಕ್ಕಿಂತ ಬಾಯಿ ಬಿಟ್ಟು ಹೇಳುವುದೇ ಮೇಲು. ನಾನು ನನ್ನ ಕಕ್ಷಿದಾರರಿಗೆ ಹೇಳಿಕೊಡುವ ವಾಕ್ಯ ಇದು: "ಸರ್, ಈ ಪ್ರಶ್ನೆಗೆ ಉತ್ತರ ಕೊಟ್ಟರೆ ನನ್ನ ಮೇಲೆಯೇ ಆರೋಪ ಬರಬಹುದು ಅಂತ ನನಗೆ ಅನಿಸುತ್ತದೆ. ಆದ್ದರಿಂದ ಕಲಂ 180(2)ರ ಪ್ರಕಾರ ಉತ್ತರಿಸುತ್ತಿಲ್ಲ. ವಕೀಲರ ಹತ್ತಿರ ಮಾತಾಡಿ ಬರೆದು ಕೊಡುತ್ತೇನೆ." ಸ್ವರ ಏರಿಸದೆ ಹೇಳಬೇಕು. ಮತ್ತೆ ಕೇಳಿದರೆ ಮತ್ತೆ ಅದನ್ನೇ ಹೇಳಬೇಕು. ಠಾಣೆಯಲ್ಲಿ ಇರುವವರೂ ನಮ್ಮ ಹಾಗೆಯೇ ಮನುಷ್ಯರು. ಕಾನೂನು ಹೇಳುವ ಹುಡುಗನ ಮೇಲೆ ಸಿಟ್ಟು ಬಂದೀತು. ಉಡಾಫೆ ಇಲ್ಲದೆ ಹೇಳಿದರೆ ಆ ಸಿಟ್ಟು ಇಳಿಯುವುದನ್ನೂ ನೋಡಿದ್ದೇನೆ.

ಅಪರಾಧಿ ಎಂದು ತಿಳಿಯುವುದಿಲ್ಲವಾ ಎಂದು ಕೇಳಿದ್ದೀರಿ. ಠಾಣೆಯಲ್ಲಿ ತಿಳಿದುಕೊಳ್ಳಬಹುದು, ಅದನ್ನು ತಡೆಯಲಾಗದು. ಆದರೆ ಪೊಲೀಸರ ಪ್ರಶ್ನೆಗೆ ಉತ್ತರಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಕೋರ್ಟ್ ಅವನನ್ನು ತಪ್ಪಿತಸ್ಥ ಎನ್ನುವಂತಿಲ್ಲ. ಆರೋಪಿ ತಪ್ಪು ಒಪ್ಪಿಕೊಳ್ಳಲಿಲ್ಲ ಎಂದ ಮಾತ್ರಕ್ಕೆ ಅದು ಅಸಹಕಾರ ಆಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಜಾಮೀನು ಅರ್ಜಿಗೆ "ತನಿಖೆಗೆ ಸಹಕರಿಸುತ್ತಿಲ್ಲ" ಎಂದು ಆಕ್ಷೇಪಣೆ ಬಂದಾಗ ನಾವು ಹಿಡಿಯುವುದು ಇದನ್ನೇ.

ಹಾಗೆಂದು ಸುಮ್ಮನಿರುವುದಕ್ಕೆ ಬೆಲೆ ತೆರಬೇಕಾಗಿಲ್ಲ ಎಂದು ನಾನು ಹೇಳಲಾರೆ. ನಿಮ್ಮ ಮಗ ಏನೂ ಹೇಳದಿದ್ದರೆ ತನಿಖಾಧಿಕಾರಿಯ ಫೈಲಿನಲ್ಲಿ ಉಳಿಯುವುದು ಬ್ಯಾಂಕ್ ಸ್ಟೇಟ್‌ಮೆಂಟ್ ಮತ್ತು ಆ ಗೆಳೆಯ ಹೇಳಿದ ಕತೆ ಮಾತ್ರ. "ಗೇಮಿಂಗ್ ದುಡ್ಡು" ಎಂದು ನಂಬಿಸಿದ ಚಾಟ್ ಫೈಲಿಗೆ ಹೋಗುವುದೇ ಇಲ್ಲ. ಗೆಳೆಯ ಮೊದಲು ಹೋಗಿ "ಅವನೇ ಎಲ್ಲಾ ಮಾಡಿದ್ದು" ಎಂದು ಹೇಳಿದ್ದರೆ ಇನ್ನೂ ಕಷ್ಟ. ದೋಷಾರೋಪ ಪಟ್ಟಿ ಕೋರ್ಟಿಗೆ ಹೋದ ಮೇಲೆ ನಿಜ ಹೇಳಲು ವರ್ಷಗಟ್ಟಲೆ ಕಾಯಬೇಕು. ಅಷ್ಟರಲ್ಲಿ ಪಾಸ್‌ಪೋರ್ಟ್, ಕೆಲಸ, ಎಲ್ಲದಕ್ಕೂ ಕೇಸ್ ಅಡ್ಡ ಬರುತ್ತದೆ. ಗಲ್ಫಿಗೆ ಹೋಗುವ ಯೋಚನೆ ಇರುವ ನಮ್ಮ ಕಡೆಯ ಹುಡುಗರಿಗೆ ಇದು ಸಣ್ಣ ವಿಷಯ ಅಲ್ಲ.

ಆದ್ದರಿಂದ ನಿಮ್ಮ ಮಗನ ಸಂಗತಿಯಲ್ಲಿ ನನ್ನ ಒಲವು ನಡುದಾರಿಯ ಕಡೆಗೆ. ಎಫ್‌ಐಆರ್ ಓದಿ, ವಕೀಲರ ಹತ್ತಿರ ಒಂದೂ ಬಿಡದೆ ಎಲ್ಲಾ ಹೇಳಿ, ಯಾವ ಸಂಗತಿ ಅವನ ಪರ ಇದೆಯೋ ಅದನ್ನು ಬರವಣಿಗೆಯಲ್ಲಿ, ಚಾಟ್‌ನ ಪ್ರತಿ ಸಹಿತ, ತನಿಖಾಧಿಕಾರಿಗೆ ಕೊಡುವುದು. ಉಳಿದ ಪ್ರಶ್ನೆಗೆ ಮೇಲೆ ಹೇಳಿದ ವಾಕ್ಯ. ಇದರಲ್ಲೂ ಅಪಾಯ ಇದೆ. ಕಾರ್ಡ್ ಕೊಟ್ಟದ್ದನ್ನು, ಐದು ಸಾವಿರ ತೆಗೆದುಕೊಂಡದ್ದನ್ನು ತಾನಾಗಿ ಬರೆದುಕೊಟ್ಟಂತೆ ಆಗಬಹುದು. ಅದಕ್ಕೇ ಆ ಕಾಗದವನ್ನು ಅಪ್ಪ ಮಗ ರಾತ್ರಿ ಕೂತು ಬರೆಯಬಾರದು. ಚಾಟ್‌ಗಳಲ್ಲಿ "ಇದು ಎರಡು ನಂಬರ್ ದುಡ್ಡು" ಎಂಬಂಥ ಮಾತು ಏನಾದರೂ ಇದ್ದರೆ ಈ ದಾರಿ ಬೇಡವೇ ಬೇಡ. ಆಗ ಪೂರ್ತಿ ವಕೀಲರ ಕೈಗೆ ಬಿಡಿ.

ವಕೀಲರನ್ನು ಒಳಗೆ ಬಿಡುತ್ತಾರಾ? ಬಂಧನ ಆದವನಿಗೆ ವಿಚಾರಣೆಯ ನಡುವೆ ತನ್ನ ವಕೀಲರನ್ನು ಕಾಣುವ ಹಕ್ಕು ಸುರಕ್ಷಾ ಸಂಹಿತೆಯ ಕಲಂ 38ರಲ್ಲಿ ಇದೆ, ಆದರೆ ವಿಚಾರಣೆ ಮುಗಿಯುವ ತನಕ ಪಕ್ಕದಲ್ಲೇ ಕೂರುವ ಹಕ್ಕಲ್ಲ. ಮಾತು ಕೇಳಿಸದಷ್ಟು, ಆದರೆ ಕಣ್ಣಿಗೆ ಕಾಣುವಷ್ಟು ದೂರದಲ್ಲಿ ವಕೀಲರು ಇರಬಹುದು ಎಂದು ಕೋರ್ಟ್‌ಗಳು ಕೆಲವು ಪ್ರಕರಣಗಳಲ್ಲಿ ಅನುಮತಿ ಕೊಟ್ಟಿವೆ. ನೋಟಿಸಿಗೆ ಹೋದವನ ಜತೆ ವಕೀಲರು ಬಂದರೆ ಹೆಚ್ಚಿನ ಕಡೆ ಹೊರಗಿನ ಬೆಂಚಿನ ತನಕ ತೊಂದರೆ ಇಲ್ಲ. ಅಷ್ಟರಿಂದಲೂ ಸಾಕಷ್ಟು ಪ್ರಯೋಜನ ಇದೆ. ನಮ್ಮ ಊರಲ್ಲಿ ವಕೀಲರ ಬದಲಿಗೆ ಪರಿಚಯದ ಲೀಡರ್ ಒಬ್ಬರನ್ನು ಕರೆದುಕೊಂಡು ಹೋಗುವ ಅಭ್ಯಾಸ ಜಾಸ್ತಿ. ದಯವಿಟ್ಟು ಬೇಡ. ಅವರು ಒಳ್ಳೆಯದಕ್ಕೆಂದೇ "ಹುಡುಗ ತಪ್ಪು ಮಾಡಿದ್ದಾನೆ, ಒಂದು ಸಲ ಬಿಟ್ಟುಬಿಡಿ ಸರ್" ಎನ್ನುತ್ತಾರೆ. ಅವನು ಹೇಳದೆ ಉಳಿಸಿಕೊಂಡದ್ದನ್ನು ಇವರು ಹೇಳಿ ಮುಗಿಸಿರುತ್ತಾರೆ. ಗೆಳೆಯನ ಮನೆಯವರು "ನಮ್ಮ ವಕೀಲರೇ ಇಬ್ಬರಿಗೂ ನೋಡ್ತಾರೆ" ಎಂದರೂ ಒಪ್ಪಬೇಡಿ. ಅವರಿಬ್ಬರ ಹಿತ ಒಂದೇ ಅಲ್ಲ. ಫೀಸಿನ ತೊಂದರೆ ಇದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಮಂಗಳೂರಿನಲ್ಲೂ ಉಡುಪಿಯಲ್ಲೂ ಇದೆ, ಸಹಾಯವಾಣಿ 15100. ಹೆಂಗಸರಿಗೆ, ಕಸ್ಟಡಿಯಲ್ಲಿ ಇರುವವರಿಗೆ ಆದಾಯ ಎಷ್ಟೇ ಇರಲಿ ಉಚಿತ ನೆರವು ಸಿಗುತ್ತದೆ.

ಫೋನ್. ಇಲ್ಲಿ ಸುಮ್ಮನಿರುವ ಹಕ್ಕು ಅಷ್ಟಾಗಿ ಕೆಲಸ ಮಾಡುವುದಿಲ್ಲ. ಬಾಯಿಂದ ಬರುವ ಮಾತಿಗೆ ರಕ್ಷಣೆ ಇದೆ, ಬೆರಳಚ್ಚು, ಸಹಿಯ ಮಾದರಿಗೆ ಇಲ್ಲ ಎಂದು 1961ರಲ್ಲೇ ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳ ಪೀಠ ತೀರ್ಮಾನಿಸಿದೆ. ಬ್ಯಾಂಕ್ ಫಾರ್ಮಿನ ಸಹಿ ಇವನದ್ದೇ ಎಂದು ನೋಡಲು ಮಾದರಿ ಕೇಳಿದರೆ ಅದು ಈ ಸಾಲಿಗೆ ಸೇರುತ್ತದೆ. ಪಾಸ್‌ವರ್ಡ್ ಬಗ್ಗೆ ಕರ್ನಾಟಕ ಹೈಕೋರ್ಟ್ 2021ರಲ್ಲಿ ಹೇಳಿದ್ದು ನಮಗೆ ಮುಖ್ಯ. ಪಾಸ್‌ವರ್ಡ್ ಕೊಡುವುದೇ ತನ್ನ ವಿರುದ್ಧ ಸಾಕ್ಷಿ ಹೇಳಿದಂತೆ ಆಗುವುದಿಲ್ಲ. ಆದರೆ ಕೊಡಲು ಒಪ್ಪದಿದ್ದರೆ ತನಿಖಾಧಿಕಾರಿ ಸಾಮಾನ್ಯವಾಗಿ ಕೋರ್ಟಿಗೆ ಹೋಗಿ ಸರ್ಚ್ ವಾರಂಟ್ ಪಡೆಯಬೇಕು. "ವಾರಂಟ್ ಇದ್ದರೆ ಕೊಡುತ್ತೇನೆ ಸರ್" ಎನ್ನುವುದರಲ್ಲಿ ತಪ್ಪಿಲ್ಲ. ಫೋನ್ ವಶಕ್ಕೆ ಪಡೆದರೆ ಐಎಂಇಐ ನಂಬರ್ ಬರೆದ ಮಹಜರಿನ ಪ್ರತಿ ಕೇಳಿ. ಸುಳ್ಳು ಪತ್ತೆ ಪರೀಕ್ಷೆ, ಮಂಪರು ಪರೀಕ್ಷೆ ಎಂದು ಯಾರಾದರೂ ಹೆದರಿಸಿದರೆ, ಒಪ್ಪಿಗೆ ಇಲ್ಲದೆ ಅವನ್ನು ಮಾಡುವಂತಿಲ್ಲ ಎಂಬುದು ಸುಪ್ರೀಂ ಕೋರ್ಟಿನ 2010ರ ಸೆಲ್ವಿ ತೀರ್ಪು. ಅದೂ ಕರ್ನಾಟಕದಿಂದಲೇ ಹೋದ ಪ್ರಕರಣ.

ಒಂದು ವೇಳೆ ಬಂಧಿಸಿದರೆ? ಕಾರಣವನ್ನು ಅವನಿಗೆ ತಿಳಿಸಬೇಕು, ತಿಳಿಸದಿದ್ದರೆ ಬಂಧನವೇ ನಿಲ್ಲುವುದಿಲ್ಲ. ಮನೆಯವರಿಗೂ ತಿಳಿಸಬೇಕು. ವೈದ್ಯಕೀಯ ತಪಾಸಣೆ ಆಗಬೇಕು. ಪ್ರಯಾಣದ ಸಮಯ ಬಿಟ್ಟು 24 ಗಂಟೆಯ ಒಳಗೆ ಮ್ಯಾಜಿಸ್ಟ್ರೇಟರ ಮುಂದೆ ತರಬೇಕು. ಕೈ ಮಾಡಿದ್ದರೆ ಅವನು ಅಲ್ಲೇ, ಆ ಕ್ಷಣವೇ ಮ್ಯಾಜಿಸ್ಟ್ರೇಟರಿಗೆ ಹೇಳಬೇಕು. "ತೊಂದರೆ ಏನಾದರೂ ಆಯಿತಾ?" ಎಂದು ಅವರು ಕೇಳುವಾಗ ಪಕ್ಕದಲ್ಲಿ ಪೊಲೀಸರು ನಿಂತಿರುತ್ತಾರೆ ಎಂದು ಹುಡುಗರು "ಇಲ್ಲ" ಎಂದುಬಿಡುತ್ತಾರೆ. ಆಮೇಲೆ ಹೇಳಿದರೆ ನಂಬಿಸುವುದು ಬಹಳ ಕಷ್ಟ.

ಇದನ್ನು ಓದುವ ಬೇರೆಯವರಿಗಾಗಿ ಒಂದು ಮಾತು. ನಾನು ಹೇಳಿದ್ದು ಪೊಲೀಸರ ವಿಚಾರಣೆಗೆ. ವಿಮಾನ ನಿಲ್ದಾಣದಲ್ಲಿ ಚಿನ್ನದ ವಿಷಯಕ್ಕೆ ಹಿಡಿಯುವ ಕಸ್ಟಮ್ಸ್ ಅಧಿಕಾರಿಗಳು ಕಾನೂನಿನ ಲೆಕ್ಕದಲ್ಲಿ ಪೊಲೀಸರಲ್ಲ. ಅವರು ಸಮನ್ಸ್ ಕೊಟ್ಟು ಪಡೆಯುವ ಹೇಳಿಕೆಗೆ ಸಹಿಯೂ ಬೇಕು, ಅದು ಕೋರ್ಟಿನಲ್ಲಿ ಸಾಕ್ಷಿಯಾಗಿಯೂ ನಿಲ್ಲಬಹುದು. ವಿಡಿಯೋ ಕಾಲ್‌ನಲ್ಲಿ "ಡಿಜಿಟಲ್ ಅರೆಸ್ಟ್" ಎನ್ನುವವರು ಮಾತ್ರ ಯಾವ ಇಲಾಖೆಯವರೂ ಅಲ್ಲ. ಕಾಲ್ ಕಟ್ ಮಾಡಿ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಿಳಿಸಿ.

ಸೋಮವಾರದ ಒಳಗೆ ಮಗ ಮಾಡಬಾರದ ಕೆಲಸ ಎರಡಿವೆ. ಒಂದು, ಚಾಟ್ ಡಿಲೀಟ್ ಮಾಡುವುದು. ಸಾಕ್ಷಿ ನಾಶ ಎಂಬ ಹೊಸ ಕಲಂ ಸೇರುತ್ತದೆ, ಜತೆಗೆ ಅವನ ಪರ ಇರುವ ಸಾಕ್ಷಿಯೂ ಹೋಗುತ್ತದೆ. ಇನ್ನೊಂದು, ಅಕೌಂಟ್ ಬಿಡಿಸಿಕೊಳ್ಳುವ ಆತುರದಲ್ಲಿ ಬ್ಯಾಂಕ್ ಮ್ಯಾನೇಜರಿಗೆ ಪತ್ರ ಬರೆಯುವುದು, ಕಾಲೇಜಿಗೆ ವಿವರಣೆ ಕೊಡುವುದು, ಗೆಳೆಯನಿಗೆ ವಾಟ್ಸಾಪ್‌ನಲ್ಲಿ "ನೀನು ಹೀಗೆ ಮಾಡಿಸಿದೆ" ಎಂದು ಬರೆಯುವುದು. ಪೊಲೀಸರ ಮುಂದೆ ಹೇಳಿದ್ದಕ್ಕೆ ಇರುವ ರಕ್ಷಣೆ ಇವುಗಳಿಗೆ ಇಲ್ಲ. ಬ್ಯಾಂಕಿಗೆ ಬರೆದ ಪತ್ರವನ್ನು ಬ್ಯಾಂಕಿನವರೇ ಕೋರ್ಟಿಗೆ ತಂದು ಹಾಜರುಪಡಿಸಬಹುದು. ಈಗಾಗಲೇ ಏನಾದರೂ ಬರೆದು ಕೊಟ್ಟಿದ್ದರೆ, ಅದರ ಪ್ರತಿಯನ್ನು ವಕೀಲರ ಹತ್ತಿರ ಹೋಗುವಾಗ ಮೊದಲು ತೋರಿಸಿ.